ನಮ್ಮ ಸೀಮೆಯ ನಕ್ಷೆ ಎಲ್ಲಿ ಸಿಗುತ್ತದೆ? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಕ್ಷೆಗಳನ್ನು ಬೆಂಗಳೂರಿನ ಕಚೇರಿಗಳಲ್ಲಿ, ಇವತ್ತಿನ ಹೆಸರಿನಲ್ಲಿ ಮಾತ್ರ ಹುಡುಕಿದರೆ ಎಷ್ಟೋ ನಕ್ಷೆಗಳು ಕಣ್ಣಿಗೇ ಬೀಳುವುದಿಲ್ಲ. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಯಾದಗಿರಿ 2010ರ ಹೊತ್ತಿಗೆ ಬೇರೆ ಜಿಲ್ಲೆಯಾಯಿತು. ಗುಲ್ಬರ್ಗಾ 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾಯಿತು. ಒಂದೊಂದು ಆಡಳಿತವೂ ತನಗೆ ಬೇಕಾದ ನಕ್ಷೆ ಬರೆಸಿ, ತನ್ನ ದಫ್ತರದಲ್ಲಿ ಇಟ್ಟುಕೊಂಡಿತು. ಹಾಗಾಗಿ ಈ ಭಾಗದ ನಕ್ಷೆ ಬೇಕಾದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನಗೆ ಬೇಕಾದ ವರ್ಷದಲ್ಲಿ ಈ ಊರು ಯಾರ ಕೈಯಲ್ಲಿತ್ತು? ಉತ್ತರ ಗೊತ್ತಾದರೆ ಯಾವ ಕಪಾಟು, ಯಾವ ಜಾಲತಾಣ, ಯಾವ ಕಾಗುಣಿತ ಎಂಬುದು ತಾನಾಗಿ ತಿಳಿಯುತ್ತಾ ಹೋಗುತ್ತದೆ.

ಎಂ.ಎ., ಎಂ.ಎಸ್ಸಿ. ಪ್ರಬಂಧ ಬರೆಯುವವರು, ಊರಿನ ಇತಿಹಾಸ ಕಟ್ಟುವವರು, ಹೊಲದ ದಾರಿಯ ದಾಖಲೆ ಬೇಕಾದವರು, ಶಾಲೆಯಲ್ಲಿ ಭೂಗೋಳ ಕಲಿಸುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಬೇಕಾದ್ದನ್ನು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಜಾಗ, ಕಾಲ, ಅಳತೆಯ ಪ್ರಮಾಣ.

ಜಾಗ ಎಂದರೆ ಬರೀ ಊರ ಹೆಸರಲ್ಲ. ತಾಲೂಕು, ಹೋಬಳಿ, ಅಕ್ಷಾಂಶ, ರೇಖಾಂಶ ಎಲ್ಲವೂ ಬೇಕು. ಮೊಬೈಲಿನ ಯಾವುದೇ ನಕ್ಷೆ ಆ್ಯಪಿನಲ್ಲಿ ಊರ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಕಾಲವನ್ನೂ ಖಚಿತವಾಗಿ ಬರೆಯಿರಿ. 'ಹಳೆಯದು' ಎಂದರೆ ಸಾಲದು. ಕಾರಂಜಾ ಜಲಾಶಯ ತುಂಬುವ ಮೊದಲಿನದೋ, ಜಾಗೀರುಗಳು ರದ್ದಾದ 1949ಕ್ಕಿಂತ ಮೊದಲಿನದೋ ಎಂದು ಗುರುತು ಹಾಕಿಕೊಳ್ಳಬೇಕು.

ಪ್ರಮಾಣದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 1:2,50,000 ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ ಎರಡೂವರೆ ಕಿ.ಮೀ.; ಇಡೀ ಕಾಗಿಣಾ ನದಿಯ ಪಾತ್ರವನ್ನು ಒಂದೇ ನೋಟದಲ್ಲಿ ಹಿಡಿಯಲು ಇದು ಒಳ್ಳೆಯದು. 1:50,000ದಲ್ಲಿ 2 ಸೆಂ.ಮೀ.ಗೆ 1 ಕಿ.ಮೀ.; ಹಳ್ಳ, ಕೆರೆ, ಗುಡ್ಡ, ಬಂಡಿದಾರಿ, ಗುಡಿ, ಮಸೀದಿ ಎಲ್ಲ ಕಾಣುತ್ತವೆ, ಆದರೆ ಹೊಲಗಳ ಗಡಿ ಇರುವುದಿಲ್ಲ. ಹೊಲದ ಗಡಿ ಬೇಕಾದರೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯೇ ಆಗಬೇಕು. ಅದರ ರೂಢಿಯ ಪ್ರಮಾಣ 1:7,920, ಅಂದರೆ ಒಂದು ಇಂಚಿಗೆ 660 ಅಡಿ. ಈ ಲೆಕ್ಕದಲ್ಲಿ ಒಂದು ಚೌಕ ಇಂಚು ಸರಿಯಾಗಿ ಹತ್ತು ಎಕರೆ. ಸ್ಕೇಲ್ ಇಟ್ಟು ಹೊಲದ ವಿಸ್ತೀರ್ಣವನ್ನು ಅಂದಾಜು ಮಾಡಲು ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. ನಕ್ಷೆಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ನಂಬಿರಿ.

ಎರಡನೆಯ ಹೆಜ್ಜೆ: ಹಾಳೆಯ ಸಂಖ್ಯೆ ಕಂಡುಹಿಡಿಯಿರಿ

ಇಡೀ ಹುಡುಕಾಟದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. 1767ರಲ್ಲಿ ಶುರುವಾದ, ಡೆಹರಾಡೂನ್‌ನಲ್ಲಿ ಕೇಂದ್ರ ಕಚೇರಿ ಇರುವ ಸರ್ವೆ ಆಫ್ ಇಂಡಿಯಾ ಸಂಸ್ಥೆ ದೇಶವನ್ನೆಲ್ಲ ಚೌಕಗಳಾಗಿ ಹಂಚಿ ನೆಲದ ಏರಿಳಿತ, ಹಳ್ಳ, ದಾರಿ ತೋರಿಸುವ ಟೊಪೊಶೀಟ್‌ಗಳನ್ನು ಮುದ್ರಿಸುತ್ತದೆ. ಈ ನಕ್ಷೆಗಳಿಗೆ ಊರ ಹೆಸರಿಗಿಂತ ಸಂಖ್ಯೆಯೇ ಮುಖ್ಯ. ಸಂಖ್ಯೆ ಗೊತ್ತಿದ್ದರೆ ಯಾವ ದೇಶದ ಗ್ರಂಥಾಲಯದಲ್ಲಾದರೂ ಹುಡುಕಬಹುದು.

ಮೊದಲ ಹಂತದಲ್ಲಿ ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ದೊಡ್ಡ ಚೌಕಗಳಿವೆ. ನಮ್ಮ ಮೂರೂ ಜಿಲ್ಲೆಗಳು 56ನೆಯ ಚೌಕದಲ್ಲಿ ಬರುತ್ತವೆ: ಪೂರ್ವ ರೇಖಾಂಶ 76ರಿಂದ 80, ಉತ್ತರ ಅಕ್ಷಾಂಶ 16ರಿಂದ 20. ಹೈದರಾಬಾದ್ ನಗರವೂ ಇದೇ ಚೌಕದ್ದು.

ಎರಡನೆಯ ಹಂತದಲ್ಲಿ ಆ ಚೌಕವನ್ನು ಒಂದೊಂದು ಡಿಗ್ರಿಯ ಹದಿನಾರು ತುಂಡು ಮಾಡಿ ಇಂಗ್ಲಿಷಿನ ಎಯಿಂದ ಪಿವರೆಗೆ ಅಕ್ಷರ ಕೊಟ್ಟಿದ್ದಾರೆ. ವಾಯವ್ಯ ಮೂಲೆಯಲ್ಲಿ ಎ. ಅಲ್ಲಿಂದ ಕೆಳಗಿಳಿದರೆ ಬಿ, ಸಿ, ಡಿ. ಮತ್ತೆ ಮೇಲೆ ಹೋಗಿ ಪಕ್ಕದ ಕಂಬದಲ್ಲಿ ಇ, ಎಫ್, ಜಿ, ಎಚ್. ನಮ್ಮ ಸೀಮೆಯ ಬಹುಭಾಗ ಸಿ, ಡಿ, ಎಫ್, ಜಿ, ಎಚ್ ಎಂಬ ಐದು ಅಕ್ಷರಗಳಲ್ಲಿ ಮುಗಿಯುತ್ತದೆ.

ಮೂರನೆಯ ಹಂತದಲ್ಲಿ ಒಂದೊಂದು ಡಿಗ್ರಿ ತುಂಡನ್ನೂ 15 ಮಿನಿಟಿನ (ಒಂದು ಡಿಗ್ರಿಗೆ 60 ಮಿನಿಟು) ಹದಿನಾರು ಹಾಳೆ ಮಾಡುತ್ತಾರೆ. ಇಲ್ಲಿಯೂ ವಾಯವ್ಯದಿಂದ ಕೆಳಗಿಳಿಯುತ್ತ 1, 2, 3, 4, ಪಕ್ಕದ ಕಂಬದಲ್ಲಿ 5ರಿಂದ 8, ಹೀಗೆ 16ರವರೆಗೆ. ಒಂದು ಹಾಳೆ ನಮ್ಮ ಅಕ್ಷಾಂಶದಲ್ಲಿ ಸುಮಾರು 27 ಕಿ.ಮೀ. ಅಗಲ, 28 ಕಿ.ಮೀ. ಎತ್ತರದ ನೆಲವನ್ನು ತೋರಿಸುತ್ತದೆ.

ಕಲಬುರಗಿ ನಗರವನ್ನೇ ತೆಗೆದುಕೊಳ್ಳಿ. ಅಕ್ಷಾಂಶ 17 ಡಿಗ್ರಿ 20 ಮಿನಿಟು, ರೇಖಾಂಶ 76 ಡಿಗ್ರಿ 50 ಮಿನಿಟು. 76ರಿಂದ 77, 17ರಿಂದ 18ರ ನಡುವಿನ ತುಂಡು ಸಿ. ರೇಖಾಂಶದ 50 ಮಿನಿಟು ಎಂದರೆ ನಾಲ್ಕನೆಯ ಕಂಬ, ಅಲ್ಲಿ 13ರಿಂದ 16ರವರೆಗಿನ ಹಾಳೆಗಳಿವೆ. ಅಕ್ಷಾಂಶದ 20 ಮಿನಿಟು ಮೇಲಿನಿಂದ ಮೂರನೆಯ ಸಾಲಿಗೆ ಬೀಳುತ್ತದೆ. ಹಾಗಾಗಿ 56 ಸಿ/15. ಇದೇ ಲೆಕ್ಕದಲ್ಲಿ ಬೀದರ್ ನಗರ 56 ಜಿ/9, ಯಾದಗಿರಿ 56 ಎಚ್/1, ಬಸವಕಲ್ಯಾಣ 56 ಸಿ/13, ಮಳಖೇಡ 56 ಜಿ/4, ಸನ್ನತಿ 56 ಡಿ/13, ಶಹಾಪುರ 56 ಡಿ/14. ನಿಮ್ಮ ಊರಿಗೆ ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ, ಮುಂದೆ ಮರೆಯುವುದಿಲ್ಲ.

ಯಾದಗಿರಿಯವರಿಗೆ ಒಂದು ಮಾತು. ನಿಮ್ಮ ಪಟ್ಟಣ ಹಾಳೆಯ ದಕ್ಷಿಣದ ಅಂಚಿಗೆ ಬಹಳ ಹತ್ತಿರವಿದೆ. 56 ಎಚ್/1 ಒಂದನ್ನೇ ತಂದರೆ ಪಟ್ಟಣದ ಕೆಳಗಿನ ನೆಲ ಕಾಣುವುದಿಲ್ಲ. 56 ಎಚ್/2 ಕೂಡ ಬೇಕು. ಬೀದರ್ ನಗರ ಪಶ್ಚಿಮದ ಅಂಚಿನಲ್ಲಿದೆ, ಅಲ್ಲಿಯವರು 56 ಜಿ/5 ಕೂಡ ಜೊತೆಗೆ ಕೇಳಬೇಕು. ಪ್ರತಿ ಟೊಪೊಶೀಟಿನ ಅಂಚಿನಲ್ಲಿ ನೆರೆಯ ಹಾಳೆಗಳ ಸಂಖ್ಯೆ ತೋರಿಸುವ ಸಣ್ಣ ಸೂಚಿ ಇರುತ್ತದೆ. ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ನಕ್ಷೆಗಳು ಎರಡು ಸರಣಿಯಾದವು: ರಕ್ಷಣಾ ಪಡೆಗಳಿಗೆ ಒಂದು, ಸಾರ್ವಜನಿಕರಿಗೆ 'ಓಪನ್ ಸೀರೀಸ್' ಎಂಬ ಇನ್ನೊಂದು. ಓಪನ್ ಸೀರೀಸ್‌ನ ಸಂಖ್ಯೆ ಬೇರೆ ಥರ ಇರುತ್ತದೆ, ನಮ್ಮ ಭಾಗದಲ್ಲಿ ಇ43 ಎಂದು ಶುರುವಾಗುತ್ತದೆ. ಸರ್ವೆ ಆಫ್ ಇಂಡಿಯಾ ತಾಣದ ಸೂಚಿಯಲ್ಲಿ ಹೊಸ ಸಂಖ್ಯೆ ಸಿಗುತ್ತದೆ. ಹಳೆಯ ಹಾಳೆಗಳು, ಪ್ರಬಂಧಗಳು, ವರದಿಗಳು ಮಾತ್ರ 56 ಸಿ/15ರ ಕ್ರಮದಲ್ಲೇ ಮಾತಾಡುತ್ತವೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಹಳೆಯ ಹೆಸರು, ಹಳೆಯ ಒಡೆತನ

ವಿದೇಶಿ ತಾಣದಲ್ಲಿ ಕಲಬುರಗಿ ಎಂದು ಕೊಟ್ಟರೆ ಹಳೆಯ ನಕ್ಷೆ ಬರುವುದಿಲ್ಲ. ಗುಲ್ಬರ್ಗಾ, ಕುಲಬರ್ಗಾ ಎಂದು ಹುಡುಕಬೇಕು. ಸುರಪುರಕ್ಕೆ ಶೋರಾಪುರ್, ಬಸವಕಲ್ಯಾಣಕ್ಕೆ ಕಲ್ಯಾಣಿ, ಮಳಖೇಡಕ್ಕೆ ಮಾಲಖೇಡ್, ಮುಲಖೇಡ್, ಹುಮನಾಬಾದಿಗೆ ಹೋಮನಾಬಾದ್, ಸೇಡಂಗೆ ಸೇರಂ ಎಂಬ ರೂಪಗಳಿವೆ. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯಲ್ಲಿ ಬರೆದು ನೋಡಿ. ಸ್ವರಗಳನ್ನು ಬದಲಾಯಿಸುವುದು, ಒಂದು ಅಕ್ಷರವನ್ನು ಇಮ್ಮಡಿ ಮಾಡುವುದು, ಕೊನೆಯ ಅಕ್ಷರ ಬಿಡುವುದು, ಎಲ್ಲವೂ ಫಲ ಕೊಡುತ್ತವೆ. ಊರ ಹೆಸರಿಗೆ ಏನೂ ಸಿಗದಿದ್ದರೆ 'ಹೈದರಾಬಾದ್ ಸ್ಟೇಟ್', 'ನಿಜಾಮ್ಸ್ ಡೊಮಿನಿಯನ್ಸ್', 'ಡೆಕ್ಕನ್' ಎಂದು ಹುಡುಕಿ ಒಳಗೆ ಇಳಿಯಿರಿ.

ಒಡೆತನದ ಪ್ರಶ್ನೆ ಇನ್ನೂ ಆಳದ್ದು. ನಿಜಾಮರ ಕಾಲದಲ್ಲಿ ನೆಲವೆಲ್ಲ ನೇರವಾಗಿ ಸರ್ಕಾರದ ಕೈಯಲ್ಲಿರಲಿಲ್ಲ. ಸರ್ಕಾರವೇ ಕಂದಾಯ ಎತ್ತುವ ದಿವಾನಿ ಪ್ರದೇಶ ಒಂದು ಕಡೆ. ಜಾಗೀರುಗಳು, ಸೇನೆ ಸಾಕಲೆಂದು ಅಮೀರರಿಗೆ ಬಿಟ್ಟುಕೊಟ್ಟ ಪಾಯಗಾಗಳು, ನಿಜಾಮರ ಖಾಸಾ ಆಸ್ತಿಯಾದ ಸರ್ಫ್-ಎ-ಖಾಸ್ ಇನ್ನೊಂದು ಕಡೆ. ಕಲ್ಯಾಣಿ ನವಾಬರ ಜಾಗೀರಾಗಿತ್ತು. ಸುರಪುರ 1857–58ರ ಹೋರಾಟದವರೆಗೂ ನಾಯಕರ ಸಂಸ್ಥಾನವಾಗಿದ್ದು, ಆಮೇಲೆ ನಿಜಾಮರಿಗೆ ಸೇರಿತು. ಹಾಗಾಗಿ 1850ರ ಹಿಂದಿನ ಸುರಪುರದ ನಕ್ಷೆ ಬೇಕಾದವರು ನಿಜಾಮರ ಕಂದಾಯ ದಾಖಲೆಗಿಂತ ಮೊದಲು ಬ್ರಿಟಿಷ್ ರೆಸಿಡೆನ್ಸಿಯ (ನಿಜಾಮರ ಬಳಿ ಇದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಾಗದಗಳ ಕಡೆ ಕಣ್ಣು ಹಾಯಿಸಬೇಕು. ಸುರಪುರದಲ್ಲಿ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯೇ ಆಡಳಿತದ ಮೇಲ್ವಿಚಾರಣೆ ನೋಡುತ್ತಿದ್ದರು. ಜಾಗೀರಿನ ಊರುಗಳ ಕಂದಾಯ ನಕ್ಷೆ ಸಿಗದಿದ್ದರೆ ಅದು ಕಳೆದುಹೋಗಿದೆ ಎಂದು ಬೇಗ ತೀರ್ಮಾನಿಸಬೇಡಿ. ಬೇರೆ ದಫ್ತರದ ಹೆಸರಿನಲ್ಲಿ ಇರಬಹುದು.

ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ ಈ ಕಾರಣಕ್ಕೇ ನಮಗೆ ಮುಖ್ಯ. ನಿಜಾಮರ ಆಡಳಿತದ ಕಾಗದಗಳ ದೊಡ್ಡ ಸಂಗ್ರಹ ಅಲ್ಲಿದೆ. ಪರ್ಷಿಯನ್, ಉರ್ದು ದಾಖಲೆಗಳೇ ಹೆಚ್ಚು. ಉರ್ದು ಓದಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಬಹಳ ಜನ ಇದ್ದಾರೆ, ಅಂಥ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ಕೆಲಸ ಎಷ್ಟೋ ಸುಲಭವಾಗುತ್ತದೆ. ನಕ್ಷೆಯ ಜೊತೆಯಲ್ಲೇ ಸೇತ್ವಾರ್, 1954–55ರ ಖಾಸ್ರಾ ಪಹಣಿ ಎಂಬ ಮಾತುಗಳು ಎದುರಾಗುತ್ತವೆ. ಅವು ನಕ್ಷೆಯಲ್ಲ, ನಕ್ಷೆಯಲ್ಲಿರುವ ಸರ್ವೆ ನಂಬರಿನ ಹೊಲ ಯಾರದೆಂದು ಹೇಳುವ ದಾಖಲೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಹಳೆಯ ಊರು ಅರ್ಥವಾಗುವುದು.

ನಾಲ್ಕನೆಯ ಹೆಜ್ಜೆ: ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ

1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ನಗರದಲ್ಲೇ ಇದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಎರಡು ಕಡೆಯೂ ಗ್ರಂಥಾಲಯವನ್ನಷ್ಟೇ ನೋಡಿ ಬರಬೇಡಿ. ಭೂವಿಜ್ಞಾನ, ಭೂಗೋಳ, ಇತಿಹಾಸ ವಿಭಾಗಗಳು ಪಾಠಕ್ಕೂ ಕ್ಷೇತ್ರಕಾರ್ಯಕ್ಕೂ ತರಿಸಿದ ಟೊಪೊಶೀಟ್‌ಗಳನ್ನು ವಿಭಾಗದಲ್ಲೇ ಇಟ್ಟುಕೊಳ್ಳುವುದು ವಿಶ್ವವಿದ್ಯಾಲಯಗಳ ರೂಢಿ. ಅಂಥ ಹಾಳೆಗಳು ಗ್ರಂಥಾಲಯದ ಪಟ್ಟಿಯಲ್ಲಿ ಇರದಿರಬಹುದು. ಹೊರಗಿನವರಾದರೆ ನಿಮ್ಮ ಕಾಲೇಜಿನ ಪ್ರಾಚಾರ್ಯರಿಂದ ಅಥವಾ ಮುಖ್ಯೋಪಾಧ್ಯಾಯರಿಂದ ಒಂದು ಪರಿಚಯ ಪತ್ರ ತೆಗೆದುಕೊಂಡು ಹೋಗಿ.

ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ, ಅಂದರೆ ಒಪ್ಯಾಕ್‌ನಲ್ಲಿ, ಮೊದಲು ಜಿಲ್ಲೆಯ ಹಳೆಯ ಹೆಸರಿನ ಜೊತೆ 'ಮ್ಯಾಪ್ಸ್', 'ಅಟ್ಲಾಸ್', 'ಗ್ಯಾಜೆಟಿಯರ್' ಎಂಬ ಪದಗಳನ್ನು ಸೇರಿಸಿ ಹುಡುಕಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಪುಸ್ತಕ ಜೋಡಿಸಿರುವ ಗ್ರಂಥಾಲಯವಾದರೆ ನಕ್ಷೆ, ಅಟ್ಲಾಸುಗಳಿಗೆ 912, ಭಾರತದ ಭೂಗೋಳಕ್ಕೆ 915.4. ಆ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆದು ನೋಡುವುದು ಸೂಚಿಗಿಂತ ಹೆಚ್ಚು ಕೊಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಏಕೆಂದರೆ ಒಳ್ಳೆಯ ನಕ್ಷೆಗಳು ಬಹಳಷ್ಟು ಸಲ ಬೇರೆ ಪುಸ್ತಕದ ಹೊಟ್ಟೆಯಲ್ಲಿರುತ್ತವೆ. ಜಿಲ್ಲಾ ಗ್ಯಾಜೆಟಿಯರ್, ನೀರಾವರಿ ಯೋಜನೆಯ ವರದಿ, ಉತ್ಖನನದ ವರದಿ, ಇವುಗಳ ಹಿಂದಿನ ರಟ್ಟಿಗೆ ಅಂಟಿಸಿದ ಜೇಬನ್ನು ತಪ್ಪದೆ ನೋಡಿ. ಮಡಿಸಿಟ್ಟ ನಕ್ಷೆ ಅಲ್ಲಿರುತ್ತದೆ. ಸೂಚಿಯಲ್ಲಿ ಪುಸ್ತಕದ ಪುಟಸಂಖ್ಯೆಯ ಪಕ್ಕ 'ಮ್ಯಾಪ್ಸ್' ಅಥವಾ 'ಫೋಲ್ಡೆಡ್ ಮ್ಯಾಪ್' ಎಂದಿದ್ದರೆ ಅದು ಇದರ ಸುಳಿವು.

ಕೌಂಟರಿನಲ್ಲಿ ಕೇಳುವ ರೀತಿಯೂ ಫಲವನ್ನು ಬದಲಾಯಿಸುತ್ತದೆ. "ಕಲಬುರಗಿ ನಕ್ಷಾ ಅದ ಏನ್ರಿ?" ಎಂದರೆ ಗೋಡೆಗೆ ತೂಗುಹಾಕುವ ಜಿಲ್ಲಾ ನಕ್ಷೆಯನ್ನು ತೋರಿಸುತ್ತಾರೆ. "ಸರ್, 56 ಸಿ/15 ಟೊಪೊಶೀಟ್ ಅದ ಏನ್ರಿ? ಹಳೇ ಒಂದಿಂಚು ಮೈಲಿನದು ಇದ್ರೂ ನಡೀತದ್ರಿ" ಎಂದು ಕೇಳಿದರೆ ಗ್ರಂಥಪಾಲಕರಿಗೆ ನಿಮ್ಮ ಕೆಲಸ ಅರ್ಥವಾಗಿ, ಮ್ಯಾಪ್ ಕ್ಯಾಬಿನೆಟ್‌ನ ಬೀಗ ತೆಗೆಸುತ್ತಾರೆ. ಒಂದಿಂಚು ಮೈಲಿನದು ಎಂದರೆ 1:63,360 ಪ್ರಮಾಣದ ಹಳೆಯ ಸರಣಿ, ಮೆಟ್ರಿಕ್ ಬರುವ ಮೊದಲಿನದು. ಸಿಕ್ಕರೆ ಬಿಡಬೇಡಿ, ಜಲಾಶಯಗಳು, ಸಿಮೆಂಟ್ ಕಾರ್ಖಾನೆಗಳು ಬರುವ ಮೊದಲಿನ ನೆಲ ಅದರಲ್ಲಿದೆ.

ಗ್ರಂಥಾಲಯದಲ್ಲಿ ಮತ್ತೆರಡು ಸಂಗ್ರಹ ನೋಡಿ. ಒಂದು, ಜನಗಣತಿಯ ಜಿಲ್ಲಾ ಕೈಪಿಡಿಗಳು. ಅವುಗಳಲ್ಲಿ ತಾಲೂಕುವಾರು ನಕ್ಷೆಗಳಿದ್ದು, ಪ್ರತಿ ಹಳ್ಳಿಗೂ ಗಡಿ ಮತ್ತು ಸಂಕೇತ ಸಂಖ್ಯೆ ಇರುತ್ತದೆ. 1951ರ ಕೈಪಿಡಿ ಹೈದರಾಬಾದ್ ರಾಜ್ಯದ ಹೆಸರಿನಲ್ಲಿದೆ, 1961ರದು ಮೈಸೂರು ರಾಜ್ಯದ್ದು. 2011ರದನ್ನು ಜನಗಣತಿ ಇಲಾಖೆಯ ತಾಣದಿಂದ ಇಳಿಸಿಕೊಳ್ಳಬಹುದು. ಎರಡು, ನಿಜಾಮ ಸರ್ಕಾರದ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು. 1914ರಲ್ಲಿ ಶುರುವಾದ ಆ ಇಲಾಖೆ ಬೀದರ್, ಕಲಬುರಗಿಯ ಸ್ಮಾರಕಗಳನ್ನು ಅಳತೆ ಮಾಡಿ ನೆಲನಕ್ಷೆ ಬರೆಸಿತು. ಬಹಮನಿ ಗೋರಿಗಳು, ಕೋಟೆ, ನೆಲದಡಿಯ ನೀರಿನ ಸುರಂಗಗಳಾದ ಕರೇಜ್‌ಗಳ ಮೇಲೆ ಕೆಲಸ ಮಾಡುವವರು ಇವನ್ನು ನೋಡದೆ ಮುಂದೆ ಹೋಗಬಾರದು.

ನಮ್ಮ ಗ್ರಂಥಾಲಯದಲ್ಲಿ ಇಲ್ಲವೆಂದರೆ ಇಂಡ್‌ಕ್ಯಾಟ್ ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟ ಸೂಚಿಯಲ್ಲಿ ಯಾವ ವಿಶ್ವವಿದ್ಯಾಲಯದಲ್ಲಿ ಇದೆಯೆಂದು ನೋಡಿ, ಅಂತರ ಗ್ರಂಥಾಲಯ ಎರವಲಿಗೆ ಕೇಳಬಹುದು.

ಇನ್ನೊಂದು ದಾರಿ ಶೋಧಗಂಗಾ. ಪಿಎಚ್.ಡಿ. ಪ್ರಬಂಧಗಳ ಈ ಭಂಡಾರದಲ್ಲಿ ಭೀಮಾ ಕಣಿವೆಯ ಅಂತರ್ಜಲ, ತೊಗರಿ ಬೆಳೆ, ಬೀದರಿನ ಜಾಂಬಿಟ್ಟಿಗೆ ನೆಲ ಮೊದಲಾದ ವಿಷಯಗಳನ್ನು ಹುಡುಕಿ, ಸಿಕ್ಕ ಪ್ರಬಂಧದ 'ಅಧ್ಯಯನ ಪ್ರದೇಶ' ಎಂಬ ಅಧ್ಯಾಯವನ್ನು ತೆರೆಯಿರಿ. ಯಾವ ಹಾಳೆ ಬಳಸಿದರು, ಎಲ್ಲಿಂದ ತಂದರು ಎಂದು ಅಲ್ಲಿ ಬರೆದಿರುತ್ತಾರೆ. ಹಿಂದಿನವರು ಸವೆಸಿದ ದಾರಿ ನಿಮಗೆ ಸಿಕ್ಕ ಹಾಗೆ.

ಐದನೆಯ ಹೆಜ್ಜೆ: ಆನ್‌ಲೈನ್ ಮೂಲಗಳು

ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಮ್ಯಾಪ್ಸ್ ತಾಣದಿಂದಲೇ ಶುರು ಮಾಡಿ. ನೋಂದಣಿ ಮಾಡಿಕೊಂಡರೆ 1:50,000ದ ಓಪನ್ ಸೀರೀಸ್ ಹಾಳೆಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಕಾಗದದ ಮುದ್ರಿತ ಹಾಳೆ ಬೇಕಾದರೆ ಬೆಂಗಳೂರಿನ ಕೋರಮಂಗಲದಲ್ಲಿರುವ ಅವರ ಕಚೇರಿಯನ್ನು ಕೇಳಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಕಾಗದದ ಹಾಳೆಯನ್ನೇ ಸಲಹೆ ಮಾಡುತ್ತೇನೆ. ಚಿಂಚೋಳಿಯ ಕಾಡಿನಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುತ್ತದೆಂದು ನಂಬಿ ಹೋಗಬಾರದು.

ಹಳೆಯ ನಕ್ಷೆಗಳಿಗೆ ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಸಂಗ್ರಹ ನಮಗೆ ತುಂಬಾ ಉಪಕಾರಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ಟನೆಡಾ ಗ್ರಂಥಾಲಯದಲ್ಲಿ ಅಮೆರಿಕ ಸೇನೆಯ ನಕ್ಷಾ ವಿಭಾಗ 1950ರ ದಶಕದಲ್ಲಿ ಮುದ್ರಿಸಿದ ಭಾರತದ 1:2,50,000 ಸರಣಿ, ಯು502, ಪೂರ್ತಿ ರೆಸಲ್ಯೂಶನ್ನಿನಲ್ಲಿ ಸಿಗುತ್ತದೆ. ಸರ್ವೆ ಆಫ್ ಇಂಡಿಯಾ ಹಾಳೆಗಳನ್ನೇ ಆಧರಿಸಿದ್ದರಿಂದ ನಮ್ಮ ಹಳ್ಳಿಗಳ ಹೆಸರುಗಳು ಆಗಿನ ಕಾಗುಣಿತದಲ್ಲಿ ಕಾಣುತ್ತವೆ. ಚಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಇಂಪೀರಿಯಲ್ ಗ್ಯಾಜೆಟಿಯರ್ ಮತ್ತು ಅದರ 1909ರ ಅಟ್ಲಾಸ್ ಇವೆ. ನಿಜಾಮ ಸಂಸ್ಥಾನದ ಜಿಲ್ಲಾ ಗಡಿಗಳನ್ನು ಬೇಗ ತಿಳಿಯಲು ಇದು ಸಾಕು. ಸ್ಟ್ಯಾನ್‌ಫರ್ಡ್ ಜೊತೆಗಿರುವ ಡೇವಿಡ್ ರಮ್ಸೆ ಸಂಗ್ರಹದಲ್ಲಿ 18, 19ನೆಯ ಶತಮಾನದ ದೊಡ್ಡ ನಕ್ಷೆಗಳಿವೆ. ಅವುಗಳಲ್ಲಿ ಬೀದರ್, ಗುಲ್ಬರ್ಗಾ ಇದ್ದೇ ಇರುತ್ತವೆ, ಆದರೆ ಹಳ್ಳಿಗಳ ಸ್ಥಾನವನ್ನು ಪೂರ್ತಿ ನಂಬಬಾರದು. ಓಲ್ಡ್ ಮ್ಯಾಪ್ಸ್ ಆನ್‌ಲೈನ್ ತಾಣ ಹಲವು ಸಂಗ್ರಹಗಳನ್ನು ಒಟ್ಟಿಗೆ, ಜಾಗದ ಮೇಲೆಯೇ ಹುಡುಕಲು ಬಿಡುತ್ತದೆ. ನಮ್ಮ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ತಾಣದಲ್ಲಿಯೂ ನಕ್ಷೆಗಳ ವಿಭಾಗವಿದೆ.

ಬೀದರ್ ಸೀಮೆಯವರು ಹೆಮ್ಮೆಪಡಬೇಕಾದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಭಾರತದ ಮಹಾ ತ್ರಿಕೋನಮಾಪನ ಸರ್ವೆ ನಡೆದಾಗ ಭೂಮಿಯ ಆಕಾರವನ್ನು ಲೆಕ್ಕ ಹಾಕಲು ಆ ಸರ್ವೆಯ ಮುಖ್ಯಸ್ಥರಾಗಿದ್ದ ಜಾರ್ಜ್ ಎವರೆಸ್ಟ್ ಬಳಸಿದ ಮುಖ್ಯ ಅಳತೆಯ ಠಾಣೆಗಳಲ್ಲಿ ದಮರಗಿಡ್ಡಾ ಒಂದು. ಅದು 18 ಡಿಗ್ರಿ 3 ಮಿನಿಟಿನ ಅಕ್ಷಾಂಶದಲ್ಲಿ, ಬೀದರ್ ಸೀಮೆಯ ಹತ್ತಿರದ್ದು. ಹಳೆಯ ಟೊಪೊಶೀಟ್‌ಗಳಿಗೆಲ್ಲ ಆಧಾರವಾದ 'ಎವರೆಸ್ಟ್ 1830' ಎಂಬ ಲೆಕ್ಕ ಬಂದದ್ದು ಆ ಅಳತೆಯಿಂದ. ಇದು ಮುಂದೆ ನಕ್ಷೆ ಜೋಡಿಸುವಾಗ ನೇರವಾಗಿ ಎದುರಾಗುತ್ತದೆ.

ಹೊಲ, ಹಳ್ಳಿಯ ಮಟ್ಟಕ್ಕೆ ಬಂದರೆ ಕರ್ನಾಟಕ ಭೂದಾಖಲೆ ಇಲಾಖೆಯ ತಾಣದ ಕಂದಾಯ ನಕ್ಷೆಗಳ ಪುಟವೇ ದಾರಿ. ಜಿಲ್ಲೆ, ತಾಲೂಕು, ಹೋಬಳಿ ಆರಿಸಿ ಗ್ರಾಮ ನಕ್ಷೆಯ ಪಿಡಿಎಫ್ ಇಳಿಸಿಕೊಳ್ಳಿ. ಸರ್ವೆ ನಂಬರುಗಳು, ಹಳ್ಳ, ಬಂಡಿದಾರಿ, ಕಾಲುದಾರಿ, ಗಡಿ ಕಲ್ಲುಗಳು ಅದರಲ್ಲಿವೆ. ಹೊಲಕ್ಕೆ ಹೋಗುವ ದಾರಿಯ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆ, ನೆರೆಹೊಲದವರ ನಡುವೆ ಮಾತು ಬೆಳೆದಾಗ ಮೊದಲು ಈ ನಕ್ಷೆ ತೆಗೆದು ನೋಡುವುದು ಎಲ್ಲರಿಗೂ ಒಳ್ಳೆಯದು. ಹೊಲದಲ್ಲೇ ನಿಂತು ಯಾವ ಸರ್ವೆ ನಂಬರಿನಲ್ಲಿದ್ದೇನೆ ಎಂದು ನೋಡಲು ದಿಶಾಂಕ್ ಆ್ಯಪ್ ಇದೆ. ಆದರೆ ಅದು ದಾರಿ ತೋರಿಸಲು ಮಾತ್ರ. ಗಡಿ ತಕರಾರಿಗೆ ಭೂದಾಖಲೆಗಳ ಸಹಾಯಕ ನಿರ್ದೇಶಕರ, ಅಂದರೆ ಎಡಿಎಲ್‌ಆರ್ ಕಚೇರಿಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ಅಳತೆ ಮಾಡಿಸಿ, ಟಿಪ್ಪಣಿ (ಹೊಲದ ಅಳತೆಯ ಕೈನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನಕಲು ಪಡೆಯಲೇಬೇಕು. ಹಳ್ಳಿ, ಹೋಬಳಿ, ತಾಲೂಕು ಗಡಿಗಳ ಡಿಜಿಟಲ್ ಕಡತಗಳು ಬೇಕಾದವರಿಗೆ ರಾಜ್ಯ ದೂರಸಂವೇದಿ ಕೇಂದ್ರದ ಕೆ-ಜಿಐಎಸ್ ತಾಣವಿದೆ.

ವಿಷಯವಾರು ನಕ್ಷೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಲ್ಲು, ಖನಿಜಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್. ಸೇಡಂ, ಚಿತ್ತಾಪುರದ ಸುಣ್ಣಕಲ್ಲು ಎಲ್ಲಿ ಮುಗಿದು ಕಪ್ಪುಕಲ್ಲು ಎಲ್ಲಿ ಶುರುವಾಗುತ್ತದೆಂದು ಅದರಲ್ಲಿ ಸ್ಪಷ್ಟ. ಭೂಬಳಕೆಗೆ ಇಸ್ರೊದ ಭುವನ್, ಇದು 2009ರಿಂದ ಇದೆ. ಮಣ್ಣಿಗೆ, ಸುಜಲ-3 ಎಂಬ ಜಲಾನಯನ ಯೋಜನೆಯಲ್ಲಿ ಕಿರುಜಲಾನಯನವಾರು ಮಾಡಿದ ಭೂಸಂಪನ್ಮೂಲ ವರದಿಗಳು. ಯಾದಗಿರಿ ತಾಲೂಕಿನ ಹಳ್ಳಿಗಳ ಮಣ್ಣಿನ ಆಳ, ಇಳಿಜಾರು, ಯಾವ ಬೆಳೆಗೆ ಯೋಗ್ಯ ಎಂಬ ನಕ್ಷೆಗಳು ಅವುಗಳಲ್ಲಿವೆ. ಇವು ರೈತರ ಕೈಗೆ ಇನ್ನೂ ಹೆಚ್ಚು ತಲುಪಬೇಕು.

ಉಪಗ್ರಹ ಚಿತ್ರಗಳೂ ನಕ್ಷೆಯ ಕೆಲಸ ಮಾಡುತ್ತವೆ. ಸೆಂಟಿನೆಲ್-2 ಹತ್ತು ಮೀಟರ್ ವಿವರದ ಚಿತ್ರಗಳನ್ನು ಉಚಿತವಾಗಿ ಕೊಡುತ್ತದೆ. ತೊಗರಿ ಹೊಲ ಗುರುತಿಸಲು ನವೆಂಬರಿನ ಚಿತ್ರ ಆರಿಸಿ. ಮೋಡ ಕಡಿಮೆ, ತೊಗರಿ ಹಸಿರಾಗಿಯೇ ಇರುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದ ಇವೆ. ಅದಕ್ಕೂ ಹಿಂದಿನ ನೆಲ ಬೇಕಾದರೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಬಿಡುಗಡೆ ಮಾಡಿದ 1960ರಿಂದ 1972ರವರೆಗಿನ ಕರೋನಾ ಬೇಹು ಉಪಗ್ರಹದ ಕಪ್ಪುಬಿಳುಪು ಚಿತ್ರಗಳನ್ನು ಅರ್ಥ್ ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕಿ. ಕರೇಜಿನ ಬಾವಿಗಳ ಸಾಲು, ಹಳೆಯ ಕೆರೆ ಏರಿ, ಮುಳುಗಡೆಯಾದ ಊರಿನ ಗುರುತು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ.

ಆರನೆಯ ಹೆಜ್ಜೆ: ವರ್ಷ ಬರೆಯದ ನಕ್ಷೆಯ ಕಾಲ ತಿಳಿಯುವುದು

ಟೊಪೊಶೀಟಿನ ಅಂಚಿನಲ್ಲಿ ಸರ್ವೆ ಮಾಡಿದ ವರ್ಷವೂ ಮುದ್ರಿಸಿದ ವರ್ಷವೂ ಬೇರೆಬೇರೆ ಇರುತ್ತವೆ. ನಿಮಗೆ ಬೇಕಾದದ್ದು ಸರ್ವೆಯ ವರ್ಷ. ಎರಡೂ ಇಲ್ಲದ ನಕ್ಷೆ ಸಿಕ್ಕರೆ ಒಳಗಿನ ಗುರುತುಗಳಿಂದ ಹೇಳಬಹುದು. ರೈಲು ಹಳಿ ಒಳ್ಳೆಯ ಸಾಕ್ಷಿ. ಕಲಬುರಗಿ, ವಾಡಿ ಮೂಲಕ ರಾಯಚೂರಿನ ಕಡೆ ಹೋಗುವ ಹಳಿ 1871ರ ಹೊತ್ತಿನದು, ವಾಡಿಯಿಂದ ಸಿಕಂದರಾಬಾದಿನ ಹಳಿ 1874ರದು. ಬೀದರ್–ಕಲಬುರಗಿ ಹಳಿ ಕಂಡರೆ ನಕ್ಷೆ ತೀರ ಈಚಿನದು, ಆ ಮಾರ್ಗ ತೆರೆದದ್ದು 2017ರಲ್ಲಿ. ತಾಲೂಕುಗಳೂ ಕಾಲ ಹೇಳುತ್ತವೆ. ಕಾಳಗಿ, ಕಮಲಾಪುರ, ಶಹಾಬಾದ್, ಯಡ್ರಾಮಿ, ಚಿಟಗುಪ್ಪಾ, ಹುಲಸೂರ, ಕಮಲನಗರ, ಗುರುಮಠಕಲ್, ಹುಣಸಗಿ, ವಡಗೇರಾ ತಾಲೂಕುಗಳಾಗಿ ಕಂಡರೆ 2018ರ ಸುಮಾರಿನ ನಂತರದ್ದು. ಗಣತಿಯ ಅಂಕಿಗಳನ್ನು ಹಳೆಯ ತಾಲೂಕು ಗಡಿಯ ಮೇಲೆ ಹಾಕುವವರು ಇದನ್ನು ನೆನಪಿಡಬೇಕು, ಇಲ್ಲದಿದ್ದರೆ ಹೋಲಿಕೆಯೇ ತಪ್ಪಾಗುತ್ತದೆ.

ಏಳನೆಯ ಹೆಜ್ಜೆ: ಸಿಕ್ಕ ನಕ್ಷೆಗಳನ್ನು ಒಂದರ ಮೇಲೊಂದು ಕೂಡಿಸುವುದು

ಕಾಗದದ ಹಾಳೆಯ ಪ್ರತಿ ತೆಗೆಯಲು ಅನುಮತಿ ಸಿಕ್ಕರೆ 300 ಡಿಪಿಐಗಿಂತ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿಸಿ. ಮೊಬೈಲಿನಲ್ಲಿ ತೆಗೆಯುವುದಾದರೆ ಹಾಳೆಯನ್ನು ಮೇಜಿನ ಮೇಲೆ ಸಪಾಟಾಗಿ ಹಾಸಿ, ನೇರ ಮೇಲಿನಿಂದ, ನಾಲ್ಕೂ ಮೂಲೆ ಬರುವಂತೆ ತೆಗೆಯಿರಿ. ಅಂಚಿನ ಬರಹ ಬಿಟ್ಟುಹೋದ ಚಿತ್ರ ಕೆಲಸಕ್ಕೆ ಬರುವುದಿಲ್ಲ. ನಿರ್ಬಂಧಿತ ಎಂಬ ಮುದ್ರೆ ಇರುವ ಹಾಳೆಯ ಪ್ರತಿ ತೆಗೆಯಬೇಡಿ.

ಆಮೇಲೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದೊಳಗಿನ, ನಕ್ಷೆಯನ್ನು ನೆಲದ ಸರಿಯಾದ ಜಾಗಕ್ಕೆ ಕೂಡಿಸುವ ಉಪಕರಣವಾದ ಜಿಯೊರೆಫರೆನ್ಸರ್‌ನಲ್ಲಿ ಚಿತ್ರವನ್ನು ತೆರೆಯಿರಿ. ಟೊಪೊಶೀಟಿನ ನಾಲ್ಕು ಮೂಲೆಗಳ ಅಕ್ಷಾಂಶ, ರೇಖಾಂಶ ಹಾಳೆಯಲ್ಲೇ ಮುದ್ರಿತವಾಗಿವೆ. 56 ಸಿ/15ಕ್ಕೆ ಅವು 17 ಡಿಗ್ರಿ 15 ಮಿನಿಟಿನಿಂದ 17 ಡಿಗ್ರಿ 30 ಮಿನಿಟು, 76 ಡಿಗ್ರಿ 45 ಮಿನಿಟಿನಿಂದ 77 ಡಿಗ್ರಿ. ಮೂಲೆಗಳ ಮೇಲೆ ಒತ್ತಿ ಈ ಸಂಖ್ಯೆಗಳನ್ನು ಕೊಡಿ. ನಡುವೆ 5 ಮಿನಿಟಿಗೊಂದರಂತೆ ರೇಖೆಗಳು ಕೂಡುವ ಜಾಗಗಳನ್ನೂ ಸೇರಿಸಿದರೆ ಕಾಗದದ ಮಡಿಕೆ, ಹಿಗ್ಗುವಿಕೆಯ ದೋಷ ಕಡಿಮೆಯಾಗುತ್ತದೆ.

ಎವರೆಸ್ಟರ ಲೆಕ್ಕ ಎದುರಾಗುವುದು ಇಲ್ಲಿ. ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84 ಎಂಬ ಭೂಮಿಯ ಆಕಾರದ ಹೊಸ ಲೆಕ್ಕದ ಮೇಲಿವೆ, ಅವುಗಳಿಗೆ ತಂತ್ರಾಂಶದ ಪಟ್ಟಿಯಲ್ಲಿ ಅದರ ಸಂಕೇತ ಇಪಿಎಸ್‌ಜಿ 4326 ಆರಿಸಿ. ಹಳೆಯ ಹಾಳೆಗಳು ಎವರೆಸ್ಟ್ ಆಧಾರದವು, ಅವುಗಳಿಗೆ ಕಲ್ಯಾಣಪುರ 1975, ಅಂದರೆ ಇಪಿಎಸ್‌ಜಿ 4146 ಆರಿಸಬೇಕು. ಇದನ್ನು ಬಿಟ್ಟರೆ ನಮ್ಮ ಭಾಗದಲ್ಲಿ ನಕ್ಷೆ ನೂರು ಮೀಟರಿನ ಆಸುಪಾಸು ಪಕ್ಕಕ್ಕೆ ಸರಿದು ಕೂಡುತ್ತದೆ. ದೂರ, ವಿಸ್ತೀರ್ಣ ಅಳೆಯಲು ಕೊನೆಗೆ ಎಲ್ಲವನ್ನೂ ಯುಟಿಎಂ ಎಂಬ ಮೀಟರ್ ಲೆಕ್ಕದ ಚೌಕಟ್ಟಿನ 43ನೆಯ ವಲಯಕ್ಕೆ, ಇಪಿಎಸ್‌ಜಿ 32643ಕ್ಕೆ ತನ್ನಿ. ಮೂರೂ ಜಿಲ್ಲೆಗಳು ಆ ಒಂದೇ ವಲಯದಲ್ಲಿವೆ.

ಕೂಡಿಸಿದ್ದು ಸರಿಯಾಗಿದೆಯೇ ಎಂದು ಕದಲದ ವಸ್ತುಗಳಿಂದ ಪರೀಕ್ಷಿಸಿ: ಕಲಬುರಗಿ ಕೋಟೆಯ ಗೋಡೆ, ಯಾದಗಿರಿ ಬೆಟ್ಟದ ಕೋಟೆ, ಭೀಮೆಯ ಮೇಲಿನ ರೈಲು ಸೇತುವೆ, ಹಳೆಯ ಕೆರೆಯ ಏರಿ. ನದಿಯ ದಂಡೆಯನ್ನು ನಂಬಬೇಡಿ, ಭೀಮೆ ಮಳೆಗಾಲಕ್ಕೊಮ್ಮೆ ಮರಳು ಸರಿಸುತ್ತಾಳೆ. ಗ್ರಾಮ ನಕ್ಷೆಯಲ್ಲಿ ಅಕ್ಷಾಂಶ ಇರುವುದಿಲ್ಲ. ಅಲ್ಲಿ ಮೂರು ಊರಿನ ಸೀಮೆ ಕೂಡುವ ಗಡಿ ಕಲ್ಲು, ಕೆರೆ ಏರಿಯ ತುದಿ, ಹಳೆಯ ಬಂಡಿದಾರಿಗಳು ಕೂಡುವ ಜಾಗ, ಇವನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಿ ಜೋಡಿಸಬೇಕು. ಊರಿನ ಹಿರಿಯ ಕಾಕಾ ಒಬ್ಬರನ್ನು ಕರೆದುಕೊಂಡು ಸೀಮೆಯ ಮೇಲೆ ನಡೆದು ಬನ್ನಿ. ಕಲ್ಲು ಎಲ್ಲಿ ಹೂತಿದೆಯೆಂದು ಅವರು ಹೇಳಬಲ್ಲರು.

ಎಂಟನೆಯ ಹೆಜ್ಜೆ: ದಾಖಲೆ ಮತ್ತು ಬಳಕೆ

ಇಳಿಸಿಕೊಂಡ ಪ್ರತಿ ಕಡತಕ್ಕೂ ಅದೇ ದಿನ ಹೆಸರು ಕೊಡಿ: ಹಾಳೆ ಸಂಖ್ಯೆ, ಪ್ರಮಾಣ, ಸರ್ವೆ ವರ್ಷ, ಎಲ್ಲಿಂದ ಬಂತು. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಪ್ರಕಟಿಸಿದ ಸಂಸ್ಥೆ, ಹಾಳೆ ಸಂಖ್ಯೆ, ಪ್ರಮಾಣ, ಆವೃತ್ತಿ, ಸರ್ವೆ ಮತ್ತು ಮುದ್ರಣದ ವರ್ಷಗಳು, ನೋಡಿದ ಗ್ರಂಥಾಲಯ ಅಥವಾ ತಾಣ ಇಷ್ಟೂ ಇರಲಿ. ನೀವೇ ಬರೆದ ನಕ್ಷೆಯ ಮೂಲೆಯಲ್ಲಿ ಪ್ರಮಾಣದ ಪಟ್ಟಿ, ಉತ್ತರ ದಿಕ್ಕು, ಆಧಾರ ನಕ್ಷೆಯ ಹೆಸರು ಹಾಕಿ.

2021ರ ಫೆಬ್ರವರಿ 15ರ ಮಾರ್ಗಸೂಚಿಯ ನಂತರ ಭಾರತೀಯರು ನಕ್ಷೆ ಮಾಡಲು, ಹಂಚಲು ಮೊದಲಿನಂತೆ ಪೂರ್ವಾನುಮತಿಗೆ ಕಾಯಬೇಕಿಲ್ಲ. ಆದರೂ ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ. ಅಲ್ಲಿ ಡ್ರೋನ್ ಹಾರಿಸಿ ನಕ್ಷೆ ಮಾಡುವ ಯೋಚನೆ ಇದ್ದವರು ಡಿಜಿಟಲ್ ಸ್ಕೈ ತಾಣದಲ್ಲಿ ನಿಷಿದ್ಧ ವಲಯವನ್ನು ನೋಡಿ, ಲಿಖಿತ ಅನುಮತಿ ಪಡೆದ ಮೇಲಷ್ಟೇ ಹೊರಡಬೇಕು.